ಎಡಕ್ಕೆ ನಾಲ್ಕು, ಬಲಕ್ಕೆ ಮೂರು

ಫೆಬ್ರವರಿ 3, ಸೋಮವಾರ

ಇದು ಅಳತೆ ಪುಸ್ತಕ. ಗಿರಾಕಿಗಳ ಎದೆ, ಸೊಂಟ, ಭುಜ, ತೋಳು ಬರೆದುಕೊಳ್ಳಲು ತಂದದ್ದು. ಅಂಗಡಿ ಮುಚ್ಚಿ ಮೂರು ತಿಂಗಳಾದ್ದರಿಂದ ಯಾರ ಸೊಂಟವೂ ಇದರೊಳಗೆ ಬಂದಿಲ್ಲ. ನಿನ್ನೆ ತಂಗಿ ಬಂದು, "ಅಣ್ಣ, ಮಾತಾಡಕ್ಕಾಗಲ್ಲ ಅಂದ್ರೆ ಬರಿ. ಬರೆಯೋಕೂ ಆಗಲ್ಲ ಅಂದ್ರೆ ದಿನಾ ನಾನೇ ಬಂದು ಕೂತು ಮಾತಾಡ್ತೀನಿ" ಎಂದಳು. ಹೆದರಿ ಬರೆಯಲು ಕೂತಿದ್ದೇನೆ.

ಬೆಳಿಗ್ಗೆ ಎದ್ದೆ. ಹಲ್ಲುಜ್ಜಿದೆ. ಶರ್ಟಿನ ಗುಂಡಿಗಳನ್ನು ಒಂದು ಕಾಜಾ ತಪ್ಪಿಸಿ ಹಾಕಿಕೊಂಡಿದ್ದೆ. ಮಧ್ಯಾಹ್ನ ತಂಗಿ ಹೇಳುವವರೆಗೆ ಗೊತ್ತಾಗಲಿಲ್ಲ. ಮೂವತ್ತೊಂದು ವರ್ಷ ದರ್ಜಿ ಕೆಲಸ ಮಾಡಿದವನು.

ಇಷ್ಟೇ.

ಫೆಬ್ರವರಿ 4, ಮಂಗಳವಾರ

ಹೆಂಡತಿ ತೀರಿಹೋದ ದುಃಖಕ್ಕೆ ಅಂಗಡಿ ಮುಚ್ಚಿದೆ ಎಂದು ಎಲ್ಲರೂ ತಿಳಿದಿದ್ದಾರೆ. ಅದೂ ಇದೆ. ಆದರೆ ನಿಜವಾದ ಕಾರಣ ಬೇರೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲವಾದ್ದರಿಂದ ಇಲ್ಲಿ ಬರೆಯಬಹುದು. ನನಗೆ ಕೆಂಪೂ ಹಸಿರೂ ಒಂದೇ ಥರ ಕಾಣುತ್ತವೆ. ಕಂದು ಬಣ್ಣವೂ ಅದೇ ಗುಂಪು. ಹುಟ್ಟಿನಿಂದ ಹಾಗೆ. ಮದುವೆಯಾದ ಎರಡನೇ ವಾರ ಅವಳು ಅದನ್ನು ಕಂಡುಹಿಡಿದಳು. ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ದಾರದ ರೀಲುಗಳ ತುದಿಗೆ ಗಂಟು ಹಾಕಿಡತೊಡಗಿದಳು. ಕೆಂಪಿಗೆ ಒಂದು, ಹಸಿರಿಗೆ ಎರಡು, ಕಂದಿಗೆ ಮೂರು. ಬೆರಳಲ್ಲಿ ಮುಟ್ಟಿದರೆ ಸಾಕು. ನಾನು ತಿಳಿಯದೆ ತಪ್ಪು ಬಟ್ಟೆಗೆ ಕೈ ಹಾಕಿದರೆ ಒಳಗಿನಿಂದ ಕೆಮ್ಮುತ್ತಿದ್ದಳು. ಊರೆಲ್ಲ "ಮಾಸ್ಟರ್ ಕಣ್ಣು ಅಂದ್ರೆ ಕಣ್ಣು" ಅನ್ನುತ್ತಿತ್ತು.

ಅವಳು ಹೋದ ಮೇಲೆ ಗಂಟು ಹಾಕಿದ ರೀಲುಗಳು ಮುಗಿದವು. ಹೊಸ ರೀಲು ತಂದು ಒಬ್ಬರ ಹಸಿರು ಕೋಟಿಗೆ ಕಾಜಾ ಹೊಲಿದೆ. ಅವರು ಬಂದು ನೋಡಿ, "ಕೆಂಪು ಕಾಜಾ! ಏನ್ ಮಾಸ್ಟ್ರೇ, ಹೊಸ ಫ್ಯಾಷನ್ನಾ?" ಎಂದರು. "ಹೌದು" ಎಂದೆ. ಅದನ್ನೇ ಹಾಕಿಕೊಂಡು ಮದುವೆಗೆ ಹೋದರು. ಮರುವಾರ ಅವರ ಇಬ್ಬರು ಸ್ನೇಹಿತರು ಬಂದು, ನಮಗೂ ಅದೇ ಫ್ಯಾಷನ್ ಬೇಕು ಎಂದರು. ಆ ರೀಲು ಯಾವುದೆಂದು ನನಗೇ ಗೊತ್ತಿರಲಿಲ್ಲ. ಅಂದೇ ಬಾಗಿಲು ಎಳೆದೆ.

ಫೆಬ್ರವರಿ 6, ಗುರುವಾರ

ಬಂದರಿನ ಹತ್ತಿರ ಕಡಲ ಜೀವಿಗಳ ಸಂಶೋಧನಾ ಕೇಂದ್ರ ಎಂಬ ಬೋರ್ಡು ಇದೆಯಲ್ಲ, ಅಲ್ಲಿಯ ಮೇಡಂ ಮನೆಗೆ ಬಂದಿದ್ದರು. ಮೂವತ್ತೈದರ ಆಸುಪಾಸು. ಕನ್ನಡಕ ತಲೆಯ ಮೇಲೆ ಇಟ್ಟುಕೊಂಡು ಚೀಲದಲ್ಲೆಲ್ಲ ಕನ್ನಡಕ ಹುಡುಕುವವರು.

"ಮಾಸ್ಟರ್, ಅಂಗಡಿ ಮುಚ್ಚಿದೆ ಅಂತ ಗೊತ್ತು. ಒಂದೇ ಒಂದು ಕೆಲಸ."

"ಇಲ್ಲಮ್ಮ, ಹೊಲಿಗೆ ಬಿಟ್ಟಿದ್ದೀನಿ."

"ಉಡೋ ಬಟ್ಟೆ ಅಲ್ಲ. ಸಣ್ಣ ಕಣ್ಣಿನ ಬಲೆ ಬಟ್ಟೆ. ಹುಳ ಹಿಡಿಯೋ ಚೀಲ ಆಗಬೇಕು."

"ಯಾವ ಬಣ್ಣ?"

"ಬಿಳಿ."

"ದಾರ?"

"ಬಿಳೀನೇ. ಯಾಕೆ?"

ಒಪ್ಪಿಕೊಂಡೆ.

ಫೆಬ್ರವರಿ 11, ಮಂಗಳವಾರ

ಚೀಲಗಳನ್ನು ತಂತಿಯ ಬಳೆಗೆ ಕೂರಿಸಬೇಕಾದ್ದರಿಂದ ಕೇಂದ್ರಕ್ಕೇ ಹೋಗಿ ಹೊಲಿಯುತ್ತಿದ್ದೇನೆ. ಕೇಂದ್ರವೆಂದರೆ ಎರಡು ಕೋಣೆ. ಒಂದರಲ್ಲಿ ಟಬ್ಬುಗಳು, ಟ್ರೇಗಳು, ಗುಳುಗುಳು ಎನ್ನುವ ಪಂಪು. ಇನ್ನೊಂದರಲ್ಲಿ ಮೈಕ್ರೋಸ್ಕೋಪ್, ಬಾಟಲಿಗಳು, ಟೀ ಮಾಡುವ ಒಲೆ. ಕೆಲಸಗಾರರು ಮೇಡಂ ಮತ್ತು ದೋಣಿ ನಡೆಸುವವರು. ದೋಣಿ ಇರುವುದು ನಾಲ್ಕು ಜನ ಕೂರುವಷ್ಟು. ಆದರೂ ಅವರನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ಹಾಗೆ ಕರೆಯದಿದ್ದರೆ ಅವರಿಗೆ ಕಿವಿ ಕೇಳುವುದಿಲ್ಲ.

ಮೇಡಂ ಒಂದು ಪುಟ್ಟ ಬಾಟಲಿ ತೋರಿಸಿದರು. ಸ್ಪಿರಿಟ್ಟಿನೊಳಗೆ ಅಗಿದು ಉಗಿದ ಚೂಯಿಂಗ್ ಗಮ್ಮಿನಂಥದ್ದೇನೋ ಇತ್ತು. ಅದು ಚಿಪ್ಪಿಲ್ಲದ ಬಸವನಹುಳುವಂತೆ. ಕಡಲಿನದು. ಉದ್ದ ಒಂದು ಅಕ್ಕಿಕಾಳಿನಷ್ಟು. ಲೋಕದಲ್ಲಿ ಯಾರೂ ಹೆಸರಿಡದ ಜಾತಿ ಎಂದು ಮೇಡಂ ನಂಬಿದ್ದಾರೆ. ಸಿಕ್ಕಿದ್ದು ಇದೊಂದೇ, ಹನ್ನೊಂದು ತಿಂಗಳ ಹಿಂದೆ. ಸ್ಪಿರಿಟ್ಟಿಗೆ ಹಾಕಿದ ಮೇಲೆ ಬಣ್ಣವೂ ಹೋಯಿತು, ಆಕಾರವೂ ಹೋಯಿತು. ಜೀವಂತವಾಗಿ ಇನ್ನಷ್ಟು ಸಿಗದಿದ್ದರೆ ಹೊಸ ಜಾತಿ ಎಂದು ವಿವರಿಸಿ ಬರೆಯಲು ಬರುವುದಿಲ್ಲ. ಮುಖ್ಯ ಕಚೇರಿಯ ದೊಡ್ಡವರು, ಇದು ಹಳೆಯ ಜಾತಿಯೇ, ಸುಮ್ಮನೆ ಹೊತ್ತು ಕಳೆಯಬೇಡಿ ಎಂದು ಬರೆದಿದ್ದಾರಂತೆ.

"ಒಂದು ಸಿಂಬಳದ ಹುಳಕ್ಕೆ ಹೆಸರಿಡೋಕೆ ವರ್ಷ ಬೇಕು ಇವರಿಗೆ" ಎಂದರು ಕ್ಯಾಪ್ಟನ್. "ನಮ್ಮ ಮಗಳಿಗೆ ಅರ್ಧ ಗಂಟೇಲಿ ಇಟ್ವಿ."

ಫೆಬ್ರವರಿ 12, ಬುಧವಾರ

ಇವತ್ತು ಒಂದು ವಿಷಯ ನಡೆಯಿತು.

ಕ್ಯಾಪ್ಟನ್ ಒಂದು ಟ್ರೇ ತುಂಬ ಕಡಲಪಾಚಿ ತಂದಿದ್ದರು. ಹುಳುಗಳು ಅದರ ರಸ ಹೀರಿಕೊಂಡು ಬದುಕುತ್ತವಂತೆ. ಮೇಡಂ ಮತ್ತು ಕ್ಯಾಪ್ಟನ್ ಒಂದೊಂದು ಭೂತಗನ್ನಡಿ ಹಿಡಿದು ಎರಡು ಗಂಟೆ ಹುಡುಕಿದರು. ನಾನು ಪಕ್ಕದಲ್ಲಿ ಬಳೆಗೆ ಚೀಲ ಕೂರಿಸುತ್ತಿದ್ದೆ. ಸೂಜಿಗೆ ದಾರ ಪೋಣಿಸಲು ತಲೆ ಎತ್ತಿದಾಗ ಕಣ್ಣು ಟ್ರೇ ಮೇಲೆ ಬಿತ್ತು.

"ಅಲ್ಲೊಂದಿದೆಯಲ್ಲ" ಎಂದೆ.

"ಎಲ್ಲಿ?"

"ಅಲ್ಲೇ."

"ಎಲ್ಲಿ ಮಾಸ್ಟ್ರೇ, ಬರೀ ಪಾಚಿ ಕಾಣ್ತಿದೆ" ಎಂದರು ಕ್ಯಾಪ್ಟನ್.

ಸೂಜಿಯ ತುದಿ ಇಟ್ಟು ತೋರಿಸಿದೆ. ಪಾಚಿಯ ಎಲೆಯೊಂದು ತಲೆ ಎತ್ತಿ, ಎರಡು ಕೊಂಬು ಚಾಚಿ, ಬೇಸರದಿಂದ ಆಚೆ ಸರಿಯಿತು. "ಅದರ ಕೆಳಗೆ ಇನ್ನೊಂದು. ಈ ತುದಿಯಲ್ಲಿ ಒಂದು ಮರಿ."

ಮೇಡಂ ಕೂಗಿದ ರಭಸಕ್ಕೆ ಕನ್ನಡಕ ಟ್ರೇಯೊಳಗೆ ಬಿತ್ತು. ಹುಳು ಪಾಚಿಯಷ್ಟೇ ಹಸಿರು, ಅದಕ್ಕೇ ಯಾರಿಗೂ ಕಾಣುವುದಿಲ್ಲ ಎಂದು ಆಮೇಲೆ ವಿವರಿಸಿದರು. ನನಗೆ ಆ ತೊಂದರೆ ಇಲ್ಲ. ಪಾಚಿಯ ಎಳೆಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ. ಹುಳು ಕೂತ ಜಾಗ ಮಾತ್ರ ಓರೆಯಾಗಿ ಕತ್ತರಿಸಿ ಹಾಕಿದ ತೇಪೆಯ ಹಾಗೆ ಎದ್ದು ಕಾಣುತ್ತದೆ. ಅದು ಕಾಣದೇ ಇರುವುದು ಹೇಗೆ ಎಂಬುದೇ ನನಗೆ ಅರ್ಥವಾಗಲಿಲ್ಲ. ಸಂಜೆಯೊಳಗೆ ಆರು ಸಿಕ್ಕವು.

ಊಟ ಪೂರ್ತಿ ಮಾಡಿದೆನಂತೆ. ತಂಗಿ ಹೇಳಿದಳು.

ಫೆಬ್ರವರಿ 13, ಗುರುವಾರ

ಮೇಡಂ ನನಗೆ ಕೆಲಸ ಕೊಟ್ಟಿದ್ದಾರೆ. ಹುಳು ಹುಡುಕುವುದು, ನೋಡಿಕೊಳ್ಳುವುದು, ದಿನವೂ ದಾಖಲೆ ಪುಸ್ತಕ ತುಂಬುವುದು. ಪುಸ್ತಕ ನೋಡಿ ಖುಷಿಯಾಯಿತು, ನನ್ನ ಅಳತೆ ಪುಸ್ತಕದಂತೆಯೇ ಕಾಲಂಗಳು. ನಂಬರ್. ಉದ್ದ. ಆಕಾರ. ನಾಲ್ಕನೆಯದು: ಬದುಕಿದ್ದಾಗಿನ ಬಣ್ಣ.

ಪೆನ್ನನ್ನು ಜೇಬಿಗೆ ಹಾಕಿಕೊಂಡೆ.

"ಬಣ್ಣ ಬಹಳ ಮುಖ್ಯ ಮಾಸ್ಟರ್" ಎಂದರು ಮೇಡಂ. "ಸತ್ತ ಮೇಲೆ ಉಳಿಯಲ್ಲ. ನಿಮ್ಮಂಥ ಕಣ್ಣು ಸಿಕ್ಕಿದ್ದು ನನ್ನ ಪುಣ್ಯ."

ಅವರು ಟೀಗೆ ಹೋದಾಗ ಕ್ಯಾಪ್ಟನ್ ಬಳಿ ಹೋದೆ.

"ಕ್ಯಾಪ್ಟನ್, ಈ ಹುಳ ಯಾವ ಬಣ್ಣ ಅಂತೀರಿ?"

"ಯಾಕೆ, ನಿಮಗೆ ಕಾಣಲ್ವಾ?"

"ಕಾಣತ್ತೆ. ನಿಮ್ಮ ಅಭಿಪ್ರಾಯ ಕೇಳ್ದೆ."

"ಹಸಿರು. ಇನ್ನೇನು, ನೇರಳೇನಾ?"

"ಎಂಥಾ ಹಸಿರು?"

"ಹಸಿರು ಹಸಿರು, ಮಾಸ್ಟ್ರೇ! ಇದರಲ್ಲಿ ಅಭಿಪ್ರಾಯ ಎಲ್ಲಿಂದ ಬಂತು?"

ಮೊದಲ ಸಾಲಿನಲ್ಲಿ "ಹಸಿರು" ಎಂದು ಬರೆದೆ. ಉಳಿದ ಐದಕ್ಕೂ "ಮೇಲಿನಂತೆಯೇ."

ಫೆಬ್ರವರಿ 18, ಮಂಗಳವಾರ

ಮೇಡಂ ನನ್ನ ಆಕಾರದ ಕಾಲಂ ಗಟ್ಟಿಯಾಗಿ ಓದಿದರು. "ಕಾಲರ್ ಎತ್ತಿ ನಿಂತಿದೆ. ಎರಡೂ ಪಕ್ಕದ ಅಂಚು ಬೆನ್ನ ಮೇಲಕ್ಕೆ ಮಡಿಚಿದೆ, ಆದರೆ ಹೆಮ್ಮಿಂಗ್ ಮಾಡಿಲ್ಲ. ಬಾಲದ ಕಡೆ ಸಣ್ಣ ಪ್ಲೀಟ್." ಕ್ಯಾಪ್ಟನ್ ನಕ್ಕು ನಕ್ಕು ಹೊರಗೆ ಹೋದರು. ಮೇಡಂ ನಗಲಿಲ್ಲ, ಮುಂದೆ ಓದಿದರು. "ಬೆನ್ನ ಮೇಲೆ ಎಡಕ್ಕೆ ನಾಲ್ಕು ಗೆರೆ, ಬಲಕ್ಕೆ ಮೂರು. ಯಾರೋ ಅರ್ಜೆಂಟಿನಲ್ಲಿ ಹೊಲಿದ ಹಾಗಿದೆ."

ಅಲ್ಲಿ ನಿಂತರು.

"ಇದು ಒಂದರಲ್ಲಾ, ಎಲ್ಲದರಲ್ಲಾ?"

"ಎಲ್ಲದರಲ್ಲೂ. ಒಂದೂ ಸರಿಯಾಗಿ ಹೊಲಿದಿಲ್ಲ."

ದೊಡ್ಡವರು ಹೇಳುವ ಹಳೆಯ ಜಾತಿಯಲ್ಲಿ ಎರಡೂ ಕಡೆ ಮೂರು ಮೂರೇ ಗೆರೆಯಂತೆ. ನನ್ನ ಎಣಿಕೆ ಸರಿಯಾಗಿದ್ದರೆ ಇದು ಬೇರೆಯೇ ಜಾತಿ. ಮೇಡಂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಅರ್ಧ ಗಂಟೆ ಕೂತರು. "ಹಸಿರಲ್ಲಿ ಹಸಿರು ಸೇರ್ಕೊಂಡಿದೆ. ನನಗೆ ನಾಲ್ಕೂ ಕಾಣಲ್ಲ, ಮೂರೂ ಕಾಣಲ್ಲ." ಫೋಟೋದಲ್ಲಿಯೂ ಬರಲಿಲ್ಲ. "ಪರವಾಗಿಲ್ಲ, ನಿಮ್ಮ ಪುಸ್ತಕ ಇದೆಯಲ್ಲ" ಎಂದರು.

ಫೆಬ್ರವರಿ 24, ಸೋಮವಾರ

ಒಟ್ಟು ಹದಿನೆಂಟು ಹುಳು. ಎಲ್ಲ ಎಡಕ್ಕೆ ನಾಲ್ಕು, ಬಲಕ್ಕೆ ಮೂರು. ಬಣ್ಣ ಮೇಲಿನಂತೆಯೇ.

ತಂಗಿ ಊಟ ತಂದು ಒಂದು ಗಂಟೆ ಬಾಗಿಲಲ್ಲಿ ಕಾದಳಂತೆ. ನಾನು ಕೇಂದ್ರದಿಂದ ಬರುವುದು ತಡವಾಗಿತ್ತು. "ಒಂದು ಹುಳಕ್ಕೋಸ್ಕರ ತಂಗೀನ ಬೀದೀಲಿ ನಿಲ್ಲಿಸ್ತೀಯಲ್ಲ" ಎಂದು ಬೈದಳು. ಬೈಯುವಾಗ ಮುಖದಲ್ಲಿ ಸಂತೋಷ ಇತ್ತು. ಯಾಕೋ ತಿಳಿಯದು.

ಮಾರ್ಚ್ 3, ಸೋಮವಾರ

ಮೇಡಂ ಮುಖ್ಯ ಕಚೇರಿಗೆ ಹೋದರು, ದೊಡ್ಡವರ ಜೊತೆ ವಾದ ಮಾಡಲು. ಒಂಬತ್ತು ದಿನ. ಹೊರಡುವಾಗ, "ಪಾಚಿ ಬಣ್ಣ ಕೆಟ್ರೆ ತಕ್ಷಣ ಬದಲಾಯಿಸಿ ಮಾಸ್ಟರ್" ಎಂದರು. ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನಗೆ ಮೂವತ್ತೊಂದು ವರ್ಷದ ಅನುಭವ.

ಮುಟ್ಟಿ ನೋಡಿದೆ. ಪಾಚಿ ಗಟ್ಟಿಯಾಗಿಯೇ ಇದೆ. ಎಳೆ ಬಿಟ್ಟಿಲ್ಲ.

ಮಾರ್ಚ್ 8, ಶನಿವಾರ

ಕಡಲು ಎದ್ದಿದೆ. ಕ್ಯಾಪ್ಟನ್ ದೋಣಿ ದಡಕ್ಕೆ ಎಳೆದು ಬಣ್ಣ ಬಳಿಯುತ್ತಿದ್ದಾರೆ. "ಚೆನ್ನಾಗಿದೆಯಾ?" ಎಂದರು. "ಬಹಳ ಚೆನ್ನಾಗಿದೆ" ಎಂದೆ.

ಕೋಣೆಯಲ್ಲಿ ಒಬ್ಬನೇ. ಅಳತೆ ತೆಗೆಯುತ್ತ ಹುಳುಗಳಿಗೆ ಅದೂ ಇದೂ ಹೇಳುತ್ತಿದ್ದೆ. ಅವಳು ಗುಂಡಿಗಳನ್ನು ಬಾಯಲ್ಲಿ ಇಟ್ಟುಕೊಂಡೇ ಮಾತಾಡುತ್ತಿದ್ದದ್ದು, ಒಮ್ಮೆ ಸೀನು ಬಂದು ಗಿರಾಕಿಯ ಹಣೆಗೆ ಕೋಟಿನ ಗುಂಡಿ ಹಾರಿದ್ದು. ತಿರುಗಿದರೆ ಬಾಗಿಲಲ್ಲಿ ಕ್ಯಾಪ್ಟನ್. ಕೈಯೆಲ್ಲ ಬಣ್ಣ ಎಂದು ಈ ವಾರ ಅವರು ಒಳಗೆ ಬಂದಿಲ್ಲ.

"ಹುಳ ಏನಂತು, ಮಾಸ್ಟ್ರೇ?"

"ಸುಮ್ನೆ ಕೇಳಿಸ್ಕೊಂಡ್ವು."

"ನಮ್ಮನೇಲಿ ನಾನೂ ಅಷ್ಟೇ" ಎಂದು ಹೋದರು.

ಇಪ್ಪತ್ತು ನಿಮಿಷ ಮಾತಾಡಿರಬೇಕು. ಹುಳುಗಳು ಯಾಕೋ ಮಂಕಾಗಿವೆ.

ಮಾರ್ಚ್ 12, ಬುಧವಾರ

ಮೇಡಂ ಬಂದರು. ಚೀಲ ಇಳಿಸುವ ಮೊದಲೇ, "ದೊಡ್ಡವರು ಅರ್ಧ ಒಪ್ಪಿದ್ದಾರೆ ಮಾಸ್ಟರ್! ನಿಮ್ಮ ಪುಸ್ತಕದ ಜೆರಾಕ್ಸ್ ಓದಿ, ಇಷ್ಟು ಜಾಗ್ರತೆಯಿಂದ ನೋಡಿದವರು ಯಾರು ಅಂತ ಕೇಳಿದ್ರು" ಎಂದು ಹೇಳುತ್ತಲೇ ಟ್ರೇ ಮುಚ್ಚಳ ತೆಗೆದರು.

ಮುಚ್ಚಳ ನೆಲಕ್ಕಿಟ್ಟು ಟ್ರೇ ಮೇಲೆ ಬಾಗಿದರು.

ಪಾಚಿಯೆಲ್ಲ ಕಂದು ತಿರುಗಿ ಸತ್ತು ಎಷ್ಟೋ ದಿನವಾಗಿದೆಯಂತೆ. ಹುಳುಗಳು ತಿನ್ನಲು ಏನೂ ಸಿಗದೆ, ಮೈಯಲ್ಲಿದ್ದ ಹಸಿರೆಲ್ಲ ಹೋಗಿ, ಹಣ್ಣೆಲೆಯಂತಾಗಿವೆ. ಎರಡು ಸತ್ತಿವೆ. ಪುಸ್ತಕದಲ್ಲಿ ಒಂಬತ್ತು ದಿನವೂ, ಹದಿನೆಂಟು ಸಾಲಿನಲ್ಲೂ, ನನ್ನ ಕೈಬರಹದಲ್ಲಿ: ಹಸಿರು, ಮೇಲಿನಂತೆಯೇ, ಮೇಲಿನಂತೆಯೇ.

"ನೋಡದೇ ಬರೆದ್ರಾ ಮಾಸ್ಟರ್?"

ನಾನು ಪುಸ್ತಕ ಮುಚ್ಚಿದೆ.

"ಬಣ್ಣ ಸುಳ್ಳಾದ್ರೆ ನಾಲ್ಕು-ಮೂರನ್ನ ಯಾರು ನಂಬ್ತಾರೆ? ನಾನೇ ಹೇಗೆ ನಂಬ್ಲಿ? ಪೂರ್ತಿ ಪುಸ್ತಕ ಎಸೀಬೇಕು. ಕಡಲು ಬೇರೆ ಎದ್ದಿದೆ, ಹುಳ ಸಿಗೋ ಕಾಲವೂ ಮುಗೀತಾ ಬಂತು, ಇನ್ನು ಮುಂದಿನ ವರ್ಷವೇ." ಅವರು ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಚೆನ್ನಾಗಿತ್ತು.

ಛತ್ರಿ ತೆಗೆದುಕೊಂಡು ಬಂದುಬಿಟ್ಟೆ. ಮನೆಗೆ ಬಂದ ಮೇಲೆ ನೋಡಿದರೆ ಅದು ಕ್ಯಾಪ್ಟನ್ ಛತ್ರಿ.

ಮಾರ್ಚ್ 13, ಗುರುವಾರ

ಹೋಗಲಿಲ್ಲ.

ಹೇಳಿದರೆ ಪುಸ್ತಕ ಉಳಿಯಬಹುದು. ಬಣ್ಣದ ಕಾಲಂ ಒಂದು ಸುಳ್ಳು, ಉಳಿದದ್ದೆಲ್ಲ ನೋಡಿಯೇ ಬರೆದದ್ದು. ಆದರೆ ಹೇಳಿದರೆ ಮೂವತ್ತೊಂದು ವರ್ಷ ಅವಳು ಮುಚ್ಚಿಟ್ಟದ್ದನ್ನು ನಾನೇ ಬಿಚ್ಚಿದ ಹಾಗೆ. ಜ್ವರದಲ್ಲಿಯೂ ಒಂದು ಮಾತು ಬಾಯಿ ಬಿಟ್ಟವಳಲ್ಲ.

ಆಮೇಲೆ ಇನ್ನೊಂದು ಹೊಳೆಯಿತು. ಅವಳು ಮುಚ್ಚಿಟ್ಟದ್ದು ನನ್ನ ಮರ್ಯಾದೆಗೆ. ಈಗಲೂ ಮುಚ್ಚಿಟ್ಟುಕೊಂಡಿರುವುದು ನನ್ನ ಮರ್ಯಾದೆಗೇ. ಊರು ಹೊಗಳಿದ್ದು ಅವಳ ಕಣ್ಣನ್ನು. ಪಡೆದುಕೊಂಡವನು ನಾನು.

ಮಾರ್ಚ್ 14, ಶುಕ್ರವಾರ

ಹೋದೆ. ಇಬ್ಬರೂ ಟೀ ಕುಡಿಯುತ್ತಿದ್ದರು. ನಿಂತೇ ಹೇಳಿದೆ. ಕೆಂಪು ಹಸಿರು ಕಾಣದ್ದು, ಗಂಟುಗಳು, ಕೆಮ್ಮು, ಕೋಟಿನ ಕಾಜಾ, ಮೇಲಿನಂತೆಯೇ. ಹೇಳುತ್ತ ಹೇಳುತ್ತ ಅವಳ ವಿಷಯವೇ ಜಾಸ್ತಿಯಾಯಿತು.

ಕ್ಯಾಪ್ಟನ್ ಮೊದಲು ಎದ್ದರು. ತಮ್ಮ ಶರ್ಟ್ ಎಳೆದು ತೋರಿಸಿ, "ಇದು ಯಾವ ಬಣ್ಣ?"

"ಗೊತ್ತಿಲ್ಲ."

"ಈ ಬಕೆಟ್ಟು?"

"ನೀಲಿ. ನೀಲಿ ಕಾಣತ್ತೆ."

"ನನ್ನ ದೋಣಿ?"

"ಗೊತ್ತಿಲ್ಲ, ಕ್ಯಾಪ್ಟನ್."

"ಬೆಂಕಿ ಕೆಂಪು, ಮಾಸ್ಟ್ರೇ! ಮೂರು ಕೋಟು ಬಳಿದಿದ್ದೀನಿ! ಬಹಳ ಚೆನ್ನಾಗಿದೆ ಅಂದ್ರಲ್ಲ!"

"ಬಳಿದದ್ದು ಚೆನ್ನಾಗಿತ್ತು. ಗೆರೆ ಬಿದ್ದಿರಲಿಲ್ಲ."

ಮೇಡಂ ಎದ್ದು ಹೋಗಿ ಒಂದು ಹುಳುವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರು. ಬಹಳ ಹೊತ್ತು ನೋಡಿದರು. ತಲೆ ಎತ್ತದೆಯೇ, "ಕ್ಯಾಪ್ಟನ್, ಮಾಸ್ಟರ್ ಪುಸ್ತಕ ತಗೊಳ್ಳಿ. ನಾನು ಎಣಿಸಿ ಹೇಳ್ತೀನಿ, ಆಮೇಲೆ ನೀವು ಅದರಲ್ಲಿರೋದು ಓದಿ" ಎಂದರು. "ಒಂದನೇ ನಂಬರ್. ಎಡಕ್ಕೆ ನಾಲ್ಕು. ಬಲಕ್ಕೆ ಮೂರು. ಎಡದ ಎರಡನೇ ಗೆರೆ ತುದೀಲಿ ಕವಲೊಡೆದಿದೆ."

ಕ್ಯಾಪ್ಟನ್ ಓದಿದರು. "ಎಡ ನಾಲ್ಕು, ಬಲ ಮೂರು. ಎಡ ಎರಡನೆಯದರ ತುದಿ ಪಿಸಿದಿದೆ."

ಮೈಯ ಹಸಿರು ಹೋಗಿದ್ದಕ್ಕೇ ಒಳಗಿನ ಗೆರೆಗಳು ಮೇಲೆದ್ದು ಕಂಡಿದ್ದವು. ಹಸಿರು ತುಂಬಿದ್ದಾಗ ನನ್ನೊಬ್ಬನಿಗೆ ಕಂಡದ್ದು ಈಗ ಎಲ್ಲರಿಗೂ ಕಾಣುತ್ತದೆ. ಹದಿನಾರು ಹುಳು, ಒಂದೊಂದೂ ಪುಸ್ತಕಕ್ಕೆ ಸರಿಹೊಂದಿತು. ಎಂಟನೇ ನಂಬರಿನಲ್ಲಿ ಒಂದು ಗೆರೆ ಅರ್ಧಕ್ಕೆ ನಿಂತಿದೆ ಎಂದು ನಾನು ಬರೆದಿದ್ದೆ. ಅದೂ ನಿಂತಿತ್ತು. ಮೇಡಂ ಫೋಟೋ ಮೇಲೆ ಫೋಟೋ ತೆಗೆದರು. ಕೊನೆಗೆ ನನ್ನ ಕಡೆ ತಿರುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು, ಕನ್ನಡಕ ಎಂದಿನಂತೆ ತಲೆಯ ಮೇಲಿತ್ತು.

"ತಪ್ಪಾಯ್ತು ಮಾಸ್ಟರ್. ನೀವು ನೋಡಿದ್ದೀರಿ."

"ಬಣ್ಣದ ಕಾಲಂ ಮಾತ್ರ..."

"ಅದನ್ನ ಇನ್ನು ನಾನು ಬರೀತೀನಿ. ನೀವು ಅದರ ತಂಟೆಗೆ ಬರಬೇಡಿ."

ಕ್ಯಾಪ್ಟನ್ ಹೊಸ ಪಾಚಿ ತರಲು ಎದ್ದ ಕಡಲಲ್ಲೇ ಹೊರಟರು. ಛತ್ರಿ ವಾಪಸು ಕೇಳಿದರು. ತರುವುದು ಮರೆತಿದ್ದೆ.

ಏಪ್ರಿಲ್ 2, ಬುಧವಾರ

ವಿವರಣೆ ಬರೆದು ಕಳಿಸಿದ್ದಾಯಿತು. ದೊಡ್ಡವರು ಪೂರ್ತಿ ಒಪ್ಪಿದರು, ಹುಳುವಿಗೆ ಅವರ ಹೆಸರೇ ಇಡಲಾಗಿದೆ. "ಏನು ಮಾಡೋದು, ಒಪ್ಪಿಸಬೇಕಲ್ಲ" ಎಂದರು ಮೇಡಂ. "ಹುಳಕ್ಕೆ ಬೇಜಾರಾಗಿರತ್ತೆ" ಎಂದರು ಕ್ಯಾಪ್ಟನ್. ನನ್ನ "ಹೆಮ್ಮಿಂಗ್ ಮಾಡಿಲ್ಲ" ಎಂಬ ಎರಡು ಪದಕ್ಕೆ ಮೇಡಂ ಹನ್ನೊಂದು ಸಾಲು ಬರೆದಿದ್ದಾರೆ. ಓದಿದೆ, ಅರ್ಥ ಅದೇ.

ಏಪ್ರಿಲ್ 6, ಭಾನುವಾರ

ತಂಗಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅವಳಿಗೂ ಹೇಳಿಬಿಟ್ಟೆ. ಕ್ಯಾಪ್ಟನ್‌ಗೆ ಗೊತ್ತಾದ ಮೇಲೆ ಊರಿಗೆ ಗೊತ್ತಾಗುವುದು ಎಷ್ಟು ಹೊತ್ತು.

ತಂಗಿ ಸೌಟು ಹಿಡಿದುಕೊಂಡೇ ಕೂತುಬಿಟ್ಟಳು. "ಅಂದ್ರೆ ನನ್ನ ಮದುವೆ ಬಟ್ಟೆ ಬಣ್ಣ ಆರಿಸಿದ್ದು?"

"ಅತ್ತಿಗೆ."

"ಮಗಳ ಫ್ರಾಕು?"

"ಅತ್ತಿಗೆ."

"ಆಹಾ! ಮೂವತ್ತು ವರ್ಷ ನಮ್ಮಣ್ಣ ನಮ್ಮಣ್ಣ ಅಂತ ಊರೆಲ್ಲ ಕೊಚ್ಕೊಂಡೆನಲ್ಲ!" ತಟ್ಟನೆ ಅಡುಗೆಮನೆಯ ಕಿಟಕಿ ನೋಡಿದಳು. "ಹಾಗಾದ್ರೆ ಈ ಪರದೆ? ಅತ್ತಿಗೆ ಆಸ್ಪತ್ರೇಲಿದ್ದಾಗ ನೀನೊಬ್ಬನೇ ಹೊಲಿದಿದ್ದು?"

"ಚೆನ್ನಾಗಿಲ್ವಾ?"

"ಅಣ್ಣ, ಮನೆಗೆ ಬಂದವರು ಅದನ್ನ ನೋಡಿ ಬೆಚ್ಚಿಬೀಳ್ತಾರೆ. ನೀನು ಕೊಟ್ಟಿದ್ದು ಅಂತ ಮೂರು ವರ್ಷದಿಂದ ಕಣ್ಮುಚ್ಚಿ ಅಡುಗೆ ಮಾಡ್ತಿದ್ದೀನಿ."

ನನಗೆ ನಗು ಬಂತು. ಅವಳಿಗೂ ಬಂತು. ಸಾರು ಸೀದುಹೋಗುವವರೆಗೆ ನಕ್ಕೆವು.

ಆಮೇಲೆ ಕಣ್ಣೊರೆಸಿಕೊಂಡು ತಂಗಿ ಅವಳ ವಿಷಯ ತೆಗೆದಳು. ಇಬ್ಬರೂ ಒಂದೇ ಸ್ಕೂಲು, ಅವಳು ಎರಡು ಕ್ಲಾಸು ಮುಂದೆ. "ಅತ್ತಿಗೆಗೆ ಕೆಂಪು ಅಂದ್ರೆ ಹುಚ್ಚು, ಗೊತ್ತಾ ನಿನಗೆ? ರಿಬ್ಬನ್ನು ಕೆಂಪು, ಚೀಲ ಕೆಂಪು. ಕೆಂಪು ಹುಡುಗಿ ಅಂತಾನೇ ಕರೀತಿದ್ವಿ. ಮದುವೆ ಆದ ಮೇಲೆ ಯಾಕೋ ಒಂದು ದಿನಾನೂ ಉಡಲಿಲ್ಲ. ಕೊನೇವರೆಗೂ ಬರೀ ನೀಲಿ. ಕೇಳಿದ್ರೆ, ನನಗೆ ಇದೇ ಇಷ್ಟ ಕಣೇ ಅಂತಿದ್ರು."

ತಂಗಿ ಸೀದ ಪಾತ್ರೆ ಉಜ್ಜಲು ಎದ್ದು ಹೋದಳು.

ನೀಲಿ ನನಗೆ ಕಾಣುತ್ತದೆ. ಮೂವತ್ತೊಂದು ವರ್ಷ, ಬೀದಿಯ ಎಷ್ಟು ಜನರ ನಡುವೆ ಬರುತ್ತಿದ್ದರೂ, ಅವಳು ನನಗೆ ದೂರದಿಂದಲೇ ಕಂಡುಬಿಡುತ್ತಿದ್ದಳು.